ಹೊಗೆಯಟ್ಟದ ಲ್ಯಾಪ್‌ಟಾಪ್

ಕಾಗಾಲದ ಬಂಗಾರಿ ಹರಿವೆ ಕಟ್ಟು ಮಾರುವಾಗ ಗಿರಾಕಿಯ ಮುಖ ನೋಡಿ ದರ ಹೇಳುವವಳು. ಅಂಥವಳು ಕುಮಟೆಯ ರೂಪೇಶನ ರಿಪೇರಿ ಅಂಗಡಿಗೆ ಬಂದು, ಸೊಪ್ಪಿನ ಬುಟ್ಟಿಯ ತಳದಿಂದ ಹಳೇ ಸೀರೆ ಸುತ್ತಿದ ಲ್ಯಾಪ್‌ಟಾಪ್ ತೆಗೆದಾಗ ಅವನಿಗೆ ನಗು ಬಂತು.

“ಎಂತ ಆತು ಬಂಗಾರಕ್ಕ, ಸೊಪ್ಪಿನ ಸಂಗ್ತಿಗೆ ಇದಕ್ಕೂ ನೀರು ಚಿಮುಕ್ಸಿದ್ರಾ?”

“ಚೇಷ್ಟೆ ಸಾಕು ತಮಾ. ಕರೆಂಟು ಕೊಟ್ಟಷ್ಟೂ ಕುಡಿತದೆ, ಹೊರಗೆ ತಂದ್ರೆ ಹತ್ತೇ ನಿಮಿಷಕ್ಕೆ ಕಣ್ಣು ಮುಚ್ತದೆ. ಮೊದ್ಲು ಎರಡು ತಾಸು ತಡಿತಿತ್ತು.”

“ಹೊರಗೆ ಎಂತಕ್ಕೆ ಬೇಕು ನಿಮಗೆ?”

“ಹಂಗೇ.”

ಹಂಗೇ ಏನಲ್ಲ. ತಂಗಿಯ ಮಗಳು ದೀಕ್ಷಾ ಮದುವೆಯಾಗಿ ಭಟ್ಕಳಕ್ಕೆ ಹೋಗುವಾಗ ಬಿಟ್ಟುಹೋದ ಈ ಪೆಟ್ಟಿಗೆಯಲ್ಲಿ, ಬಂಗಾರಿಯೂ ಬೇಲಿಯಾಚೆಯ ಸೋಮಿಯೂ ಕೂಡಿ ಹಾಡಿದ, ಗದ್ದೆ ನೆಡುವಾಗಿನ ನಟ್ಟಿ ಹಾಡು ಇತ್ತು. ಒಬ್ಬಳು ಎತ್ತುವುದು, ಇನ್ನೊಬ್ಬಳು ತಿರುಗಿ ಹೇಳುವುದು. ಮೂವತ್ತು ವರ್ಷದ ಜೋಡಿ. ಒಂದು ದಿನ ಸೋಮಿಯ ಕೋಳಿ ಬಂಗಾರಿಯ ಹರಿವೆ ಮಡಿ ಕೆದರಿತು. ಬಂಗಾರಿ ಕೋಳಿಯ ಜೊತೆ ಒಡತಿಯನ್ನೂ ಬೈದಳು. ಕೋಳಿ ಸಾರಾಗಿ ಎರಡು ವರ್ಷ ಕಳೆಯಿತು. ಆ ಬೈಗುಳ ಮಾತ್ರ ಇನ್ನೂ ಜೀರ್ಣವಾಗಿರಲಿಲ್ಲ. ಅಂದಿನಿಂದ ಬಂಗಾರಿ ಲ್ಯಾಪ್‌ಟಾಪ್ ಹೊತ್ತು ದೂರದ ಉಪ್ಪುನೀರಿನ ಗಜನಿ ಗದ್ದೆಯ ದಂಡೆಗೆ ಹೋಗಿ, ಅದರೊಳಗಿನ ಸೋಮಿಯ ಜೊತೆ ಹಾಡಿ ಬರುವಳು. ಮನೆಯಲ್ಲಿ ಹಚ್ಚಿದರೆ ಬೇಲಿಯಾಚೆ ಕೇಳುತ್ತದೆ. ‘ನೀನಿಲ್ಲದೆ ನನಗೆ ಆಗುವುದಿಲ್ಲ’ ಎಂದು ಸೋಮಿಗೆ ತಿಳಿಯುವುದಕ್ಕಿಂತ ಕಾಲು ನೋಯುವುದೇ ಲೇಸು.

ರೂಪೇಶ ಬೇರೆ ಚಾರ್ಜರ್ ಹಚ್ಚಿ ನೋಡಿದ. ತಪ್ಪು ಅದರದಲ್ಲ. ಹಿಂಬದಿ ಬಿಚ್ಚಿದರೆ ಬ್ಯಾಟರಿ ಪೂರಿಯ ಹಾಗೆ ಉಬ್ಬಿತ್ತು. ಫ್ಯಾನಿಗೆಲ್ಲ ಮಸಿ, ಮೂಲೆಯಲ್ಲೊಂದು ಹುಳಿಗೆಂದು ಒಣಗಿಸಿದ ಮುರುಗಲು ಸಿಪ್ಪೆಯ ಚೂರು. ಮೂಸಿ ನೋಡಿದ. ಒಣಮೀನು!

“ಇದನ್ನ ಎಲ್ಲಿ ಇಡ್ತ್ರಿ?”

“ಒಲೆ ಮೇಲಿನ ಅಟ್ಟದಲ್ಲಿ. ಮಳೆಗಾಲದಲ್ಲಿ ಬೂಷ್ಟು ಹಿಡಿತದಲ? ಸೌತೆ ಬೀಜ, ಮೀನು ಎಲ್ಲ ಅಲ್ಲೇ. ಒಂದೂ ಕೆಟ್ಟದ್ದಿಲ್ಲ.”

“ಮೀನಿಗೆ ಹೊಗೆ ಬೇಕು ಅಕ್ಕ, ಬ್ಯಾಟರಿಗೆ ಬಿಸಿಯೇ ವಿಷ. ಇದು ಬೆಂದು ಹೋಯ್ದು. ಇನ್ನು ಒಳಗಿಟ್ರೆ ಬೆಂಕಿ ಹತ್ಲಕ್ಕೂ ಸಾಕು. ಈ ಮಾಡೆಲ್ಲಿಗೆ ಹೊಸದು ಎಲ್ಲೂ ಸಿಕ್ಕುದಿಲ್ಲ.” ಅವನು ಬ್ಯಾಟರಿ ತೆಗೆದಿಟ್ಟು ಮುಚ್ಚಳ ಹಾಕಿದ. “ಇನ್ನು ಇದು ಗೂಟಕ್ಕೆ ಕಟ್ಟಿದ ಎಮ್ಮೆ. ವಯರ್ ಇದ್ದಷ್ಟೇ ಮೇಯ್ತದೆ.”

ಬಂಗಾರಿಯ ಮನೆಯಲ್ಲಿ ಕರೆಂಟಿನ ಆ ಗೂಟ ಒಂದೇ. ಅದೂ ಸೋಮಿಯ ಅಂಗಳದತ್ತ ತೆರೆಯುವ ಕಿಟಕಿಯ ಬುಡದಲ್ಲಿ.

ನಾಲ್ಕು ದಿನ ತಡೆದಳು. ಐದನೆಯ ಸಂಜೆ ವಯರು ಸಿಕ್ಕಿಸಿ, ದೀಕ್ಷಾ ಕಲಿಸಿದ ಗುಂಡಿ ಒತ್ತಿದಳು. ಬೇಲಿಯಾಚೆ ಸೋಮಿ ತೆಂಗಿನ ಕಡ್ಡಿಯ ಹಿಡಿಯಲ್ಲಿ ಅಂಗಳ ಗುಡಿಸುತ್ತಿದ್ದಳು. ಸೋಮಿಯದೇ ದನಿ ಬಂಗಾರಿಯ ಕಿಟಕಿಯಿಂದ ಹೊರಬಿದ್ದದ್ದೇ ತಡ, ಹಿಡಿಯ ಸದ್ದು ನಿಂತಿತು.

ಅಷ್ಟರಲ್ಲಿ ಕರೆಂಟು ಹೋಯಿತು.

ಬಂಗಾರಿ ಪೆಟ್ಟಿಗೆಯ ಜೊತೆಗೇ ತನ್ನ ಸಾಲು ಹೇಳಿ ಮುಗಿಸಿದ್ದಳು, ಮುಂದಿನದು ಸೋಮಿಯದು. ಎತ್ತಿದ ಹಾಡನ್ನು ನಡುವೆ ಬಿಡಬಾರದೆಂದು ಇಬ್ಬರಿಗೂ ಕಲಿಸಿದವಳು ಸೋಮಿಯ ಅವ್ವಿಯೇ. ಬಂಗಾರಿ ಕಾದಳು. ಆಚೆಯಿಂದ ಒಂದು ಕೆಮ್ಮು ಬಂತು, ಸಾಲು ಬರಲಿಲ್ಲ. ಕೊನೆಗೆ ಸೋಮಿಯ ಸಾಲನ್ನೂ ತಾನೇ ಹೇಳಿದಳು. ಆಮೇಲೆ ತನ್ನದು. ಮತ್ತೆ ಅವಳದು. ಕತ್ತಲೆ ಏರುವಷ್ಟರಲ್ಲಿ ಎರಡೂ ಕಡೆಯ ಹಾಡು ಒಂದೇ ಗಂಟಲಿನಲ್ಲಿ ಮುಗಿಯಿತು.

ಆಗ ಆಚೆ ಹಿಡಿ ಮತ್ತೆ ಸರಕ್ ಸರಕ್ ಎಂದಿತು. ಗುಡಿಸಿದ ಜಾಗವನ್ನೇ ಗುಡಿಸುತ್ತಿತ್ತು.