ಶಿವನಂಜಮ್ಮನ ಹದಿನಾಲ್ಕು ಸಾವಿರ ಹೆಜ್ಜೆ

ಪಿರಿಯಾಪಟ್ಟಣದ ಸುತ್ತಿನ ಹಳ್ಳಿಗಳಲ್ಲಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಹೆಂಗಸರು ಮನೆಗಿಬ್ಬರಂತೆ ಸಿಗುತ್ತಾರೆ. ಆದರೆ ಶಿವನಂಜಮ್ಮನಂಥ ಕೈ ಇನ್ನೊಂದಿಲ್ಲ. ಸೊಪ್ಪನ್ನು ಬಿಸಿಯಲ್ಲಿ ಬೇಯಿಸಿ ಒಣಗಿಸುವ ಮನೆ, ಅಂದರೆ ಬ್ಯಾರನ್ನಿನ ಮುಂದೆ, ಚಪ್ಪರದಡಿ ಕೂತಳೆಂದರೆ ದಾರ ಹಿಡಿದ ಬಲಗೈ ಕಡ್ಡಿಯ ಆಚೆಗೊಮ್ಮೆ ಈಚೆಗೊಮ್ಮೆ ಹಾರುತ್ತದೆ. ಪಕ್ಕದವರು ಮೂರು ಕಡ್ಡಿ ಮುಗಿಸುವಷ್ಟರಲ್ಲಿ ಇವಳದು ಐದು.

ಈ ಕೀರ್ತಿಯಲ್ಲಿ ಕಾಲಿಗೆ ಮಾತ್ರ ಪಾಲಿರಲಿಲ್ಲ. ಅರ್ಧ ಮೈಲಿ ದೂರದ ಬ್ಯಾರನ್ನಿಗೆ ಗಂಡ ನಿಂಗಯ್ಯನ ಮೊಪೆಡ್ಡಿನ ಹಿಂದೆ ಕೂತು ಹೋಗುವಳು, ದಿನವಿಡೀ ಕೂತು ಕಟ್ಟುವಳು, ಸಂಜೆ ಕೂತೇ ವಾಪಸ್ ಬರುವಳು. ಊಟ ಮಾತ್ರ ಹಳೇ ಪದ್ಧತಿಯದು. ಹರೆಯದಲ್ಲಿ ಬಗ್ಗಿ ನಾಟಿ ಹಾಕುತ್ತಿದ್ದಾಗ ಹೊತ್ತಿಗೆ ಎರಡು ಮುದ್ದೆ ಉಣ್ಣುತ್ತಿದ್ದಳು. ಐವತ್ತೆರಡಕ್ಕೆ ನಾಟಿ ಬಿಟ್ಟುಹೋಗಿತ್ತು, ಮುದ್ದೆ ಬಿಟ್ಟಿರಲಿಲ್ಲ.

ಎರಡು ವರ್ಷದ ಹಿಂದೆ ಸರಗೂರಿನಲ್ಲಿರುವ ಅವಳ ಅಕ್ಕ ಗುರುಶಾಂತಮ್ಮನಿಗೆ ದೊಡ್ಡ ಕರುಳಿನ ಕ್ಯಾನ್ಸರ್ ಬಂತು. ಮೈಸೂರಿನಲ್ಲಿ ಕುಯ್ದು ತೆಗೆದರು, ಜೀವ ಉಳಿಯಿತು. ಒಡಹುಟ್ಟಿದವರೂ ಹಿಂಬದಿಯಿಂದ ಕ್ಯಾಮೆರಾ ಬಿಟ್ಟು ಕರುಳು ನೋಡಿಸಿಕೊಳ್ಳಬೇಕೆಂದು ಡಾಕ್ಟರು ಹೇಳಿದರು. ಶಿವನಂಜಮ್ಮ ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಳು. ಊರಿನ ಆಶಾ ಕಾರ್ಯಕರ್ತೆ ರಾಧಾ ಬಿಡಲಿಲ್ಲ. ಜಗುಲಿಯ ಮೇಲೆ ಕೂರಿಸಿಕೊಂಡು ಬಿಡಿಸಿ ಹೇಳಿದಳು.

"ಉಂಡಿದ್ದು ಸಕ್ಕರೆಯಾಗಿ ರಕ್ತಕ್ಕೆ ಬತ್ತದೆ ಕಣಕ್ಕಾ. ಮೈ ದುಡಿದ್ರೆ ಅದ ಸುಡ್ತದೆ. ಕೂತೇ ಇದ್ರೆ ಅದ ಸುಧಾರ್ಸಕ್ಕೆ ಮೈಯೊಳಗೆ ಇನ್ಸುಲಿನ್ ಜಾಸ್ತಿ ಊರ್ತದೆ, ಒಟ್ಟೆ ಸುತ್ತ ಕೊಬ್ಬು ಕೂರ್ತದೆ. ಕರುಳಲ್ಲಿ ಬೆಳೀಬಾರದ್ದು ಬೆಳೆಯಕ್ಕೆ ಗೊಬ್ಬರ ಆಕ್ದಂಗೆ ಅದು. ನಡೆದ್ರೆ ಕರುಳೂ ಚುರುಕಾಯ್ತದೆ, ಅಪಾಯ ಕಮ್ಮಿ ಆಯ್ತದೆ. ಆದ್ರೆ ಪೂರ್ತಿ ಓಗಕಿಲ್ಲ. ಅದ್ಕೇ ನಿಮ್ಮಂಥೋರು ಪರೀಕ್ಷೆನೂ ಮಾಡಿಸ್ಬೇಕು."

"ಫೋಟೋ ತೆಗೀಯಕ್ಕೆ ಮಕ ಐತಲ್ಲವ್ವಾ, ಸಾಲದಾ?" ಎಂದಳು ಶಿವನಂಜಮ್ಮ. "ಆ ಕಡೆಯಿಂದ್ಲೇ ಯಾಕೆ ತೆಗೀಬೇಕು?"

ನಾಚಿಕೆ ಇತ್ತು, ನಿಜ. ಅದಕ್ಕಿಂತ ದೊಡ್ಡದು ಹೆದರಿಕೆ. ನೋಡಿದರೆ ತಾನೇ ಏನಾದರೂ ಕಾಣುವುದು, ನೋಡದಿದ್ದರೆ ಏನೂ ಇಲ್ಲ ಎಂಬುದು ಅವಳ ಗುಟ್ಟಿನ ಶಾಸ್ತ್ರ. ಹುಣಸೂರಿನ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುವ ಮಗಳು ರೂಪಶ್ರೀ ದಿನಾ ಪೀಡಿಸತೊಡಗಿದಾಗ ಒಂದು ಒಪ್ಪಂದ ಮುಂದಿಟ್ಟಳು. ಒಂದು ತಿಂಗಳು, ಭಾನುವಾರ ಬಿಟ್ಟು, ದಿನಕ್ಕೆ ಹತ್ತು ಸಾವಿರ ಹೆಜ್ಜೆ ಹಾಕುತ್ತಾಳೆ. ಹಾಕಿದರೆ ಕ್ಯಾಮೆರಾದ ಸುದ್ದಿ ಯಾರೂ ಎತ್ತಕೂಡದು, ತಪ್ಪಿದರೆ ಪರೀಕ್ಷೆಗೆ ಹೋಗುತ್ತಾಳೆ. ಅವ್ವ ಒಂದು ದಿನವೂ ನಡೆಯುವವಳಲ್ಲ ಎಂಬ ಧೈರ್ಯದಲ್ಲಿ ಮಗಳು ಒಪ್ಪಿ, ಹೆಜ್ಜೆ ಎಣಿಸುವ ಗಡಿಯಾರ ತಂದು ಅವಳ ಬಲಗೈಗೆ ಕಟ್ಟಿದಳು.

ಮೊದಲ ಸಂಜೆಯೇ ಗಡಿಯಾರ ಹದಿನಾಲ್ಕು ಸಾವಿರ ತೋರಿಸಿತು. ರೂಪಶ್ರೀ ಕಣ್ಣುಜ್ಜಿಕೊಂಡು ನೋಡಿದಳು. ಶಿವನಂಜಮ್ಮನಿಗೂ ಆಶ್ಚರ್ಯವೇ. ಚಪ್ಪರದಿಂದ ನೀರಿನ ಕೊಡದವರೆಗೆ ಅಷ್ಟು ಸಲ ಓಡಾಡಿದೆನೇನೋ ಅಂದುಕೊಂಡಳು. ಸೊಪ್ಪಿಲ್ಲದ ಭಾನುವಾರ ನಿಯತ್ತಾಗಿ ಊರಿಗೊಂದು ಸುತ್ತು ಹಾಕಿ ನೋಡಿದರೆ ಬರೀ ಸಾವಿರದಾರುನೂರು. ಸೋಮವಾರ ಕಟ್ಟಲು ಕೂತರೆ ಮಧ್ಯಾಹ್ನದ ಊಟಕ್ಕೆ ಮುಂಚೆಯೇ ಎಂಟು ಸಾವಿರ. ಕೈ ಬೀಸಿದ್ದನ್ನೆಲ್ಲ ಈ ಗಡಿಯಾರ ಹೆಜ್ಜೆ ಎನ್ನುತ್ತಿದೆ ಎಂದು ಆಗ ಗೊತ್ತಾಯಿತು. ಗೊತ್ತಾದದ್ದನ್ನು ಸೆರಗಿನ ಗಂಟಿಗೆ ಹಾಕಿಕೊಂಡು ತೆಪ್ಪಗಾದಳು.

ತಿಂಗಳು ತುಂಬುವ ಮೊದಲೇ ಅವಳ ಹೆಸರು ಊರೆಲ್ಲ ಆಯಿತು. ರಾಧಾ ಮನೆಮನೆಗೆ ಹೋಗಿ, "ಶಿವನಂಜಕ್ಕನ್ನ ನೋಡಿ ಕಲೀರಿ" ಎಂದಳು. ನಿಂಗಯ್ಯ ಮಾತ್ರ ಮೊಪೆಡ್ಡಿನ ಹಿಂದಿನ ಭಾರ ಒಂದಿಷ್ಟೂ ಇಳಿದಿಲ್ಲವಲ್ಲ ಎಂದು ತಲೆ ಕೆರೆದುಕೊಂಡ. ಸರಗೂರಿನಿಂದ ಅಕ್ಕ ಫೋನು ಮಾಡಿದಳು.

"ನನ್ಗೆ ಬಂದಿದ್ದು ನಿನ್ಗೂ ಬಂದ್ರೆ ಏನಪ್ಪಾ ಅಂತ ದಿನಾ ಎದರ್ತಿದ್ದೆ ಕಣೆ ನಂಜಿ. ಈಗ ನಿದ್ದೆ ಬತ್ತದೆ."

ಶಿವನಂಜಮ್ಮ ಅವತ್ತು ಒಂದೇ ಮುದ್ದೆಗೆ ತಟ್ಟೆ ತೊಳೆದಿಟ್ಟಳು.

ಒಪ್ಪಂದ ಮುಗಿಯಲು ನಾಲ್ಕು ದಿನವಿದೆ ಎನ್ನುವಾಗ ಗುರುಶಾಂತಮ್ಮ ಬಸ್ಸಿಳಿದು ಬಂದೇಬಿಟ್ಟಳು. ದಿನಾ ಬೆಳಿಗ್ಗೆ ಕಪಿಲಾ ಸೇತುವೆವರೆಗೆ ಹೋಗಿ ಬರುವ ಕಾಲು ಅವಳದು. ಮೊಪೆಡ್ಡನ್ನು ಕಣ್ಣೆತ್ತಿಯೂ ನೋಡದೆ, "ನಡಿಯೇ, ಇಬ್ರೂ ನಡ್ಕೊಂಡೇ ಬ್ಯಾರನ್ನಿಗೆ ಓಗನ" ಎಂದಳು. ದಾರಿಯ ಹುಣಸೆಮರ ಬರುವಷ್ಟರಲ್ಲಿ ಹತ್ತು ಸಾವಿರದ ಸರದಾರಿಣಿ ಕಲ್ಲಿನ ಮೇಲೆ ಕುಕ್ಕರಿಸಿ ಏದುಸಿರು ಬಿಡುತ್ತಿದ್ದಳು. ಹೊಟ್ಟೆ ಕುಯ್ಯಿಸಿಕೊಂಡ ಅಕ್ಕ ನೆಟ್ಟಗೆ ನಿಂತು ಅವಳನ್ನೇ ನೋಡಿದಳು.

ಚಪ್ಪರದಲ್ಲಿ ತಂಗಿಯ ಕೈ ಹಾರತೊಡಗಿದಾಗ ಗುರುಶಾಂತಮ್ಮ ಪಕ್ಕದಲ್ಲಿ ಕೂತು ಗಡಿಯಾರವನ್ನೇ ನೋಡಿದಳು. ಒಂದು ಕಡ್ಡಿ ಮುಗಿಯಿತು, ಎರಡು ಮುಗಿಯಿತು, ಅಂಕಿ ಓಡುತ್ತಿತ್ತು. ಅವಳಿಗೆ ನಗು ಬಂತು. ಹೊಟ್ಟೆಯ ಮೇಲಿನ ಹೊಲಿಗೆಯ ಗುರುತನ್ನು ಅಂಗೈಯಲ್ಲಿ ಒತ್ತಿಹಿಡಿದು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಶಿವನಂಜಮ್ಮನೂ ನಕ್ಕಳು, ಇನ್ನೇನು ಮಾಡುವುದು.

ನಗು ನಿಂತ ಮೇಲೆ ಅಕ್ಕ ಮೆಲ್ಲಗೆ ಹೇಳಿದಳು. "ನಾನೂ ಇಂಗೇ ಮುಚ್ಚಿಟ್ಟಿದ್ದೆ ಕಣೆ. ರಕ್ತ ಬೀಳ್ತಿತ್ತು, ಆರು ತಿಂಗಳು ಮೂಲವ್ಯಾಧಿ ಅಂತ ಎಲ್ರಿಗೂ ಸುಳ್ಳೇಳ್ದೆ. ಡಾಕ್ಟ್ರು ಏಳಿದ್ರು, ಆಗ್ಲೇ ಬಂದಿದ್ರೆ ಇಷ್ಟು ಕುಯ್ಬೇಕಾಗಿರ್ಲಿಲ್ಲ ಅಂತ. ನೀನು ಗಡಿಯಾರಕ್ಕೆ ಸುಳ್ಳೇಳ್ಕೊ, ಬ್ಯಾಡ ಅನ್ನಕಿಲ್ಲ. ಕರುಳಿಗೆ ಏಳ್ಬ್ಯಾಡ."

ಶಿವನಂಜಮ್ಮನ ಕೈ ನಿಂತಿತು. ಆ ಚಪ್ಪರದಲ್ಲಿ ಸೊಪ್ಪು ಮುಗಿಯುವ ಮುಂಚೆ ಆ ಕೈ ನಿಂತದ್ದನ್ನು ಯಾರೂ ಕಂಡಿರಲಿಲ್ಲ.

ಮರುವಾರವೇ ಮೈಸೂರಿಗೆ ಹೊರಟರು. ಹಿಂದಿನ ದಿನ ಕರುಳು ತೊಳೆಯುವ ಔಷಧದ ನೀರನ್ನು ಚೊಂಬುಗಟ್ಟಲೆ ಕುಡಿಸಿದರು. ಅವತ್ತಿನ ಎಣಿಕೆಯಲ್ಲಿ ಒಂದು ಹೆಜ್ಜೆಯೂ ಕಳ್ಳಹೆಜ್ಜೆಯಲ್ಲ, ಅಷ್ಟೂ ಕಕ್ಕಸಿಗೆ ಓಡಿದವು. ಕ್ಯಾಮೆರಾದಲ್ಲಿ ಕಡಲೆಕಾಳಿನ ಗಾತ್ರದ ಎರಡು ಗಂಟು ಕಂಡವು. ಅಲ್ಲೇ ತೆಗೆದರು. ಈಗ ಇವು ಏನೂ ಅಲ್ಲ, ಬಿಟ್ಟಿದ್ದರೆ ಮುಂದೆ ಕ್ಯಾನ್ಸರ್ ಆಗಬಹುದಿತ್ತು, ಮೂರು ವರ್ಷಕ್ಕೆ ಮತ್ತೆ ಬನ್ನಿ ಎಂದರು ಡಾಕ್ಟರು. ಹೊರಗೆ ಬೆಂಚಿನ ಮೇಲೆ ಕೂತಿದ್ದ ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಶಿವನಂಜಮ್ಮ ಮಗುವಿನಂತೆ ಅತ್ತಳು.

ಈಗ ಅವಳು ಬ್ಯಾರನ್ನಿಗೆ ನಡೆದೇ ಹೋಗುತ್ತಾಳೆ. ಗಡಿಯಾರ ಕೈಯಲ್ಲಿಲ್ಲ. ಸೊಪ್ಪು ಕಟ್ಟುವ ದಾರದಿಂದಲೇ ಅದನ್ನು ಬಲಗಾಲಿನ ಹರಡಿಗೆ, ಕಾಲ್ಗೆಜ್ಜೆಯ ಮೇಲೆ, ಬಿಗಿದು ಕಟ್ಟಿಕೊಂಡಿದ್ದಾಳೆ. ಸಂಜೆ ಸರಗೂರಿನಿಂದ ಫೋನು ಬರುತ್ತದೆ.

"ಎಷ್ಟಾಯ್ತೆ ಇವತ್ತು?"

"ಮೂರು ಸಾವಿರದ ಇನ್ನೂರು ಕಣಕ್ಕಾ."

"ಕೈದಾ, ಕಾಲ್ದಾ?"

"ಕಾಲ್ದೇ ಕಣಕ್ಕಾ. ನಿನ್ನಾಣೆ."