ಒಗೆಯುವ ಕಲ್ಲು

ಇವತ್ತು ಮುಂಜಾನೆ ಸೊಸೆ ಹಿತ್ತಲಲ್ಲಿ ಅರಿವೆ ಒಗೆಯುತ್ತಿದ್ದಳು. ಸಬಕಾರದ ವಾಸನೆ ಮೂಗಿಗೆ ಬಡಿಯಿತು ನೋಡಿ, ನನ್ನ ಕೈ ತಾನಾಗಿ ಸೆರಗಿನೊಳಗೆ ಹೋಯಿತು. ವರ್ಷಗಳೇ ಕಳೆದವು, ಆ ವಾಸನೆಗೆ ಇನ್ನೂ ನಾಚಿಕೆಯಾಗುತ್ತದೆ. ಅದೂ ಇವತ್ತು, ಕುಣಿಯಬೇಕು ಅನ್ನಿಸುವ ದಿನ! ಯಾಕೆ ಅಂತ ಹೇಳುತ್ತೇನೆ, ತಡೆಯಿರಿ.

ಎಂಬತ್ತೈದೋ ಎಂಬತ್ತಾರೋ ಇಸವಿ. ಮೊಮ್ಮಗಳು ಗಿರಿಜಾ ಧಾರವಾಡದಲ್ಲಿ ಜರ್ಮನ್ ಓದುತ್ತಿದ್ದಳು. ನಾನೋ ಎರಡನೇ ಇಯತ್ತೆಗೆ ಶಾಲೆ ಬಿಟ್ಟವಳು. ಜರ್ಮನ್ ಅಂದರೆ ನಕ್ಕಾರೆಂದು ಓಣಿಯಲ್ಲಿ ಕೇಳಿದವರಿಗೆಲ್ಲ ‘ನರ್ಸ್ ಕೆಲಸ ಕಲೀತಾಳ’ ಎಂದು ಸುಳ್ಳು ಹೇಳುತ್ತಿದ್ದೆ. ಆ ಸಲ ಕಾಲೇಜಿನ ಸೂಟಿಗೆ ಊರಿಗೆ ಬಂದವಳನ್ನು ತಿರುಗಿ ಕಳಿಸಬಾರದು, ತಂಬೂರು ಎಂಬ ಊರಿನ ವರನಿಗೆ ಕೊಟ್ಟುಬಿಡಬೇಕು ಎಂದು ಗಟ್ಟಿಮಾಡಿದ್ದೆ.

“ಜರ್ಮನ್ ಕಲತು ಯಾರ ಜೋಡಿ ಮಾತಾಡಾಕಿ ಬೇ? ನಮ್ಮ ಎಮ್ಮಿ ಜೋಡಿ?” ಎಂದೆ, ಬಾವಿಯ ಹತ್ತಿರ ಅವಳ ಲಂಗವನ್ನು ಕಲ್ಲಿಗೆ ಬಡಿಯುತ್ತಾ.

“ಎಮ್ಮಿ ನಿನಗಿಂತ ಛಲೋ ಕೇಳತೈತಿ, ಆಯಿ.”

ಆ ಕಲ್ಲೆಂದರೆ ನನಗೆ ಬಲು ಜಂಬ. ಹಾಳುಬಿದ್ದ ಪಾದ್ರಿ ಬಂಗಲೆಯಿಂದ ನಮ್ಮ ಮಾವನವರು ಚಕ್ಕಡಿಯಲ್ಲಿ ಹೇರಿ ತಂದದ್ದು. ಮೇಲೆ ಏನೋ ಕೊರೆದಿತ್ತು. ಆ ಗೀರುಗಳಿಗೆ ತಿಕ್ಕಿದರೆ ಕೊಳೆ ಬೇಗ ಬಿಡುತ್ತಿತ್ತು. ಗಿರಿಜಾಳ ತೊಟ್ಟಿಲ ಅರಿವೆಗಳನ್ನೂ ಅದರ ಮೇಲೇ ಒಗೆದಿದ್ದೆ.

ಅವತ್ತು ಗೀರುಗಳ ತುಂಬ ಬಿಳಿ ನೊರೆ ನಿಂತಿತ್ತು. ನಗುತ್ತಿದ್ದ ಹುಡುಗಿ ಬಗ್ಗಿ ನೋಡಿದಳು, ಬೆರಳಾಡಿಸಿದಳು.

“ಆಯಿ, ಬಡೀಬ್ಯಾಡ. ಇದು ಜರ್ಮನ್.”

“ಏನಂತ ಬರದಾರ?”

“‘ಲೇನಾ, ಹನ್ನೊಂದು ತಿಂಗಳು. ದಾರಿಹೋಕರೇ, ಸಪ್ಪಳ ಮಾಡಬ್ಯಾಡ್ರಿ. ನಮ್ಮ ಕೂಸು ಮಲಗೇತಿ.’”

ಎತ್ತಿದ ಕೈ ಹಾಗೇ ನಿಂತಿತು. ನಲವತ್ತು ವರ್ಷ ಬಡಿದಿದ್ದೆ! ಯಾವ ದೇಶದ ತಾಯಿಯೋ, ಇಲ್ಲಿ ಕೂಸನ್ನು ಮಣ್ಣು ಮಾಡಿ ಬೇಡಿಕೊಂಡದ್ದು ಅಷ್ಟೇ, ಸಪ್ಪಳ ಮಾಡಬೇಡಿ ಎಂದು. ಅದನ್ನು ಕೇಳಿಸಿಕೊಳ್ಳುವವರು ಊರಿನಲ್ಲಿ ಒಬ್ಬರೂ ಇರಲಿಲ್ಲ. ಕೊನೆಗೂ ಒಬ್ಬಳು ಬಂದರೆ, ಅವಳ ಓದು ಬಿಡಿಸಲು ನಾನು ಹೊರಟಿದ್ದೆ. ಆ ಸಂಜೆಯೇ ವರನ ಕಡೆಯವರಿಗೆ, “ಹುಡುಗಿ ಓದು ಮುಗೀಲ್ರಿ” ಎಂದು ಹೇಳಿ ಕಳಿಸಿದೆ. ಕಲ್ಲನ್ನು ತೊಳೆದು ಬಾವಿಯ ಬಾಜೂ ನಿಲ್ಲಿಸಿದೆವು.

ನಿನ್ನೆ ಗಿರಿಜಾಳ ಪತ್ರ ಬಂತು. ಕಾಲೇಜಿನಲ್ಲಿ ಜರ್ಮನ್ ಕಲಿಸುವ ನೌಕರಿ! ಓಣಿಯಿಂದ ಬಸ್ ಸ್ಟ್ಯಾಂಡಿನ ತನಕ ಕೂಗಿಕೊಂಡು ಹೋದೆ: “ನರ್ಸ್ ಅಲ್ರಿ, ನಾ ಸುಳ್ಳು ಹೇಳಿದ್ದೆ! ನನ್ನ ಮೊಮ್ಮಗಳು ಜರ್ಮನ್ ಕಲಸೂ ಅಕ್ಕೋರಾಗ್ಯಾಳ್ರಿ!”

ಬಾವಿಯ ಹತ್ತಿರ ಬಂದಾಗ ಮಾತ್ರ ಚಪ್ಪಲಿ ಬಿಟ್ಟೆ. ಕಲ್ಲಿನ ಮಗ್ಗುಲಿಗೆ ಕುಂತು, ಅದೇ ಸುದ್ದಿಯನ್ನು ಪಿಸುದನಿಯಲ್ಲಿ ಹೇಳಿದೆ.