ಶಿವಗಂಗಮ್ಮನವರು ತೆಗೆದ ಎರಡು ಬೀಗ

ಹ್ಯಾಕರ್ ಎಂದರೆ ಕತ್ತಲೆ ಕೋಣೆಯಲ್ಲಿ ಕಣ್ಣಿನ ತನಕ ಟೋಪಿ ಎಳೆದುಕೊಂಡು ಕೂತ ಹುಡುಗ ಎಂದು ಪೇಪರಿನವರು ಚಿತ್ರ ಹಾಕುತ್ತಾರೆ. ನನಗೆ ಗೊತ್ತಿರುವ ಹ್ಯಾಕರ್ ರಾಜಾಜಿನಗರದ ನಮ್ಮ ಮನೆ ಓನರ್ ಶಿವಗಂಗಮ್ಮ. ವಯಸ್ಸು ಎಪ್ಪತ್ತರ ಹತ್ತಿರ, ಬಾಯಲ್ಲಿ ಸದಾ ಎಲೆಅಡಿಕೆ. ನಾನು ಮೇಲಿನ ಮನೆಯ ಬಾಡಿಗೆಯವಳು, ಹೆಸರು ಕವನಾ. ಅವರ ಕಥೆ ನನಗೆ ಸಿಕ್ಕಿದ್ದೆಲ್ಲ ಅವರೆಕಾಯಿ ಸುಲಿಯುವಾಗ.

ಎಂಬತ್ತರ ದಶಕದಲ್ಲಿ ಅವರು ಇಲ್ಲೇ ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಫ್ಯಾನ್ ಕಾರ್ಖಾನೆಯಲ್ಲಿ ತಂತಿ ಸುತ್ತುತ್ತಿದ್ದರು. ಅಲ್ಲೊಂದು ಕಪ್ಪು ಫೋನು. ಹೆಂಗಸರು ಮನೆಗೆ ಮಾತಾಡಿ ಕಂಪನಿ ಮುಳುಗಿಸುತ್ತಾರೆ ಎಂದು ಸೂಪರ್‌ವೈಸರ್ ಗುರುಸಿದ್ದಯ್ಯ ಅದರ ಡಯಲ್ಲಿಗೆ ಪುಟ್ಟ ಬೀಗ ಜಡಿದಿದ್ದ. ಬಂದ ಫೋನ್ ಎತ್ತಬಹುದು, ತಿರುಗಿಸುವ ಹಾಗಿಲ್ಲ. ಒಂದು ದಿನ ರಿಸೀವರ್ ಇಡುವ ಜಾಗದ ಗುಂಡಿಯನ್ನು ಸಿಟ್ಟಿನಿಂದ ಟಕಟಕ ಒತ್ತಿದಾಗ ಆ ಕಡೆಯಿಂದ ಯಾರೋ “ಹಲೋ” ಅಂದರು! ಶಿವಗಂಗಮ್ಮನಿಗೆ ಗುಟ್ಟು ಹೊಳೆಯಿತು. ಐದು ಬೇಕಾದರೆ ಐದು ಸಲ ಕುಟ್ಟು, ಒಂಚೂರು ತಡಿ, ಮುಂದಿನ ಅಂಕಿ ಕುಟ್ಟು. ಸೊನ್ನೆಗೆ ಹತ್ತು ಕುಟ್ಟು. ಲಯ ತಪ್ಪಿದರೆ ಇನ್ಯಾರದೋ ಮನೆ. ಶನಿವಾರದ ಭಜನೆಯಲ್ಲಿ ತಾಳ ಹಾಕುವ ಕೈಗೆ ಲಯ ತಪ್ಪುತ್ತದೆಯೇ?

ಹೆರಿಗೆ ಆಸ್ಪತ್ರೆಗೆ, ಮಕ್ಕಳ ಸ್ಕೂಲಿಗೆ, ಮುನಿಸಿಕೊಂಡ ಗಂಡನ ಆಫೀಸಿಗೆ, ಕಾರ್ಖಾನೆಯ ಹೆಂಗಸರಿಗೆಲ್ಲ ಅವರೇ ಕುಟ್ಟಿಕೊಟ್ಟರು. ಎಸ್ಟೇಟಿನ ಇನ್ನೊಂದು ಕಾರ್ಖಾನೆಯಲ್ಲಿದ್ದ ಗೆಳತಿ ಪಾಪಮ್ಮನಿಗೂ ದಿನಾ ಒಂದು ಫೋನು. ಆ ಕಡೆ ಎತ್ತಿದವರು ಪಾಪಮ್ಮನೋ ಅಲ್ಲಿನ ಸಾಹೇಬನೋ ತಿಳಿಯಬೇಕಲ್ಲ? ಅದಕ್ಕೊಂದು ಉಪಾಯ. ಮಾತಿಗೆ ಮುಂಚೆ ಇವರು ಉಗುರಿನಿಂದ ರಿಸೀವರ್ ಮೇಲೆ ಭಜನೆಯ ಒಂದು ತಾಳ ಕುಟ್ಟುವುದು, ಅವರು ಅದಕ್ಕೆ ಉತ್ತರದ ತಾಳ ಕುಟ್ಟುವುದು. ತಾಳ ಬರದಿದ್ದರೆ ಫೋನ್ ಕೆಳಗೆ.

ಅದಕ್ಕೂ ಮುಂಚೆ ಅಮೆರಿಕದಲ್ಲಿ ಕೆಲವರು ಬರೀ ಸಿಳ್ಳೆ ಹಾಕಿ ದೂರದೂರಿಗೆ ಪುಕ್ಕಟೆ ಫೋನ್ ಮಾಡುತ್ತಿದ್ದರಂತೆ. ಕಂಪ್ಯೂಟರ್ ಹ್ಯಾಕಿಂಗ್‌ನ ಚರಿತ್ರೆ ಬರೆಯುವವರು ಅವರಿಂದಲೇ ಶುರು ಮಾಡುತ್ತಾರೆ. ರಾಜಾಜಿನಗರದಿಂದಲೂ ಶುರು ಮಾಡಬಹುದಿತ್ತು, ಕೇಳುವವರು ಬೇಕಲ್ಲ.

ಇಂಥ ಹೆಂಗಸು ಹೋದ ದೀಪಾವಳಿಯ ಆಸುಪಾಸು ತಾವೇ ಮೋಸ ಹೋದರು. ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

“ಅಜ್ಜಿ, ಗೊತ್ತಾಗ್ಲಿಲ್ವಾ? ನಾನು, ನಿಮ್ಮ ಮೊಮ್ಮಗ!”

ನಮ್ಮಲ್ಲಿ ನೆಂಟರನ್ನು “ನೀನ್ಯಾರಪ್ಪ” ಎಂದು ಕೇಳಿದರೆ ಮುಗಿಯಿತು, ಮೂರು ಮದುವೆಗಳವರೆಗೂ ಆಡಿಕೊಳ್ಳುತ್ತಾರೆ. ಹಾಗಾಗಿ ಇವರೇ ಊಹಿಸಿದರು. “ಯಾರು, ನಮ್ಮ ಪಾಪಮ್ಮನ ಮೊಮ್ಮಗ ಗೌತಮ್ಮಾ?”

“ಹೂ ಅಜ್ಜಿ, ಗೌತಮ್ಮೇ!”

ಕಳ್ಳನಿಗೆ ನಾಮಕರಣವನ್ನೂ ಇವರೇ ಮಾಡಿದಂತಾಯಿತು. ಗೌತಮ್ ಕೇಳಿದ, ಇವರು ಮೆಸೇಜಿನಲ್ಲಿ ಬಂದ ಆರಂಕಿ ಓದಿ ಹೇಳಿದರು. ಸಂಜೆಯೊಳಗೆ ಇವರ ವಾಟ್ಸಾಪಿನಿಂದ ನೆಂಟರಿಷ್ಟರಿಗೆಲ್ಲ ಇಂಗ್ಲಿಷಿನಲ್ಲಿ ಸಹಾಯದ ಬೇಡಿಕೆ ಹೋಯಿತು. ಇಂಗ್ಲಿಷ್ ನೋಡಿಯೇ ಯಾರೂ ನಂಬಲಿಲ್ಲ, ಅದು ಬೇರೆ ಮಾತು.

ಮಗ ರಾಜೇಂದ್ರ ಹೇಗೋ ಎಲ್ಲ ಸರಿಮಾಡಿಸಿದ. ಒಳ್ಳೆಯವನೇ, ಆದರೆ ಹೆದರಿದ ಗಂಡಸಿಗೆ ಬೀಗದ ಹೊರತು ಬೇರೇನೂ ಹೊಳೆಯುವುದಿಲ್ಲ. ಅಮ್ಮನ ಫೋನಿಗೆ ಒಂಬತ್ತು ಚುಕ್ಕಿಗಳ ಲಾಕ್ ಹಾಕಿದ. ಬೆರಳೆತ್ತದೆ ಸರಿಯಾದ ಗೆರೆ ಎಳೆದರೆ ಮಾತ್ರ ತೆರೆಯುತ್ತದೆ, ಗೆರೆ ಗೊತ್ತಿರುವುದು ಅವನಿಗೊಬ್ಬನಿಗೆ.

“ಬಂದ ಫೋನ್ ಎತ್ತು ಸಾಕು. ನೀನು ಮಾಡೋದೇನಿದ್ರೂ ನಾನು ಸಂಜೆ ಬಂದ್ಮೇಲೆ,” ಎಂದ. “ಈಗ ದನೀನೂ ಕಾಪಿ ಮಾಡ್ತಾರೆ. ನನ್ನ ದನೀಲೇ ಬಂದ್ರೂ ನಂಬ್ಬೇಡ.”

ಗುರುಸಿದ್ದಯ್ಯ ಮಗನಾಗಿ ಹುಟ್ಟಿಬಂದಿದ್ದ! ಕೆಂಗೇರಿಯಲ್ಲಿದ್ದ ಪಾಪಮ್ಮ ಸೊಂಟ ಮುರಿದುಕೊಂಡು ಮಲಗಿದ್ದರು, ಕಣ್ಣೂ ಮಂಜು. ಬಂದ ಫೋನ್ ಎತ್ತಬಲ್ಲರು, ತಾವಾಗಿ ಮಾಡಲಾರರು. ದಿನಾ ಹನ್ನೊಂದಕ್ಕೆ ಶಿವಗಂಗಮ್ಮನ ಫೋನೇ ಅವರ ಸಂತೆ, ಸಿನಿಮಾ, ಪೇಪರ್ ಎಲ್ಲ.

ಸಂಜೆ ರಾಜೇಂದ್ರ ಫೋನನ್ನು ಅತ್ತ ತಿರುಗಿಸಿ ಲಾಕ್ ತೆಗೆಯುತ್ತಿದ್ದ. ಅಮ್ಮ ಫೋನ್ ನೋಡುತ್ತಿರಲಿಲ್ಲ, ಅವನ ಕೈ ನೋಡುತ್ತಿದ್ದರು. ಒಂದು ವಾರದಲ್ಲಿ ಗೆರೆ ಸಿಕ್ಕಿತು.

“ಚುಕ್ಕಿ ರಂಗೋಲಿ ಕಣೇ ಕವನಾ ಇದು! ಕೈ ಕಂಡ್ರೆ ಗೆರೆ ಕಂಡ ಹಾಗೆ.” ನಕ್ಕು, ಮೊರದಿಂದ ಇನ್ನೊಂದು ಕಾಯಿ ಎತ್ತಿಕೊಂಡರು. “ಆದ್ರೂ ನಮ್ಮನೇಲಿ ನಾನೇ ಕಳ್ಳಿ ಥರ ಫೋನ್ ಮಾಡ್ಬೇಕಲ್ಲ. ಮಗ ನಂಬಿ ಕೊಡ್ಬೇಕಿತ್ತು.”

ನನಗೆ ನಿಜಕ್ಕೂ ಸಂಕಟವಾಯಿತು. ಕದ್ದು ಮಾಡುವ ಮಾತಿನಲ್ಲಿ ರುಚಿ ಎಲ್ಲಿಂದ ಬರಬೇಕು?

ಆಮೇಲೊಂದು ಬೆಳಿಗ್ಗೆ ನಾವು ಅವರೆಕಾಯಿ ಸುಲಿಯುತ್ತಿದ್ದಾಗ ಹೊಸ ನಂಬರಿನಿಂದ ಫೋನ್ ಬಂತು. ಸ್ಪೀಕರಿನಲ್ಲಿ ರಾಜೇಂದ್ರನದೇ ದನಿ.

“ಅಮ್ಮಾ, ನನ್ನ ಫೋನ್ ಆಫ್ ಆಗಿದೆ, ಫ್ರೆಂಡ್ ಫೋನಿಂದ ಮಾಡ್ತಿದೀನಿ. ಐಡಿ ಕಾರ್ಡ್ ಟಿವಿ ಹತ್ರ ಇದೆಯಾ ನೋಡು, ಗೇಟಲ್ಲಿ ಬಿಡ್ತಿಲ್ಲ.”

“ತಾಳ ಕುಟ್ಟು,” ಎಂದರು ಶಿವಗಂಗಮ್ಮ.

“ಏನು? ಅಮ್ಮಾ, ನಾನು ಕಣಮ್ಮ!”

“ದನಿ ಯಾರು ಬೇಕಾದ್ರೂ ಮಾಡ್ತಾರಂತೆ. ನನ್ನ ಮಗನೇ ಹೇಳವ್ನೆ.” ಫೋನ್ ಕಟ್. ಮತ್ತೆ ಬಂತು, ಮತ್ತೆ ಕಟ್.

ಅರ್ಧ ಗಂಟೆಯಲ್ಲಿ ಆಟೋದಿಂದ ರಾಜೇಂದ್ರ ಇಳಿದ, ಮುಖ ಕೆಂಪು.

“ಈಗ ನಂಬ್ದೆ,” ಎಂದರು ಅಮ್ಮ. “ಮುಖ ಕಾಣ್ತಿದೆ.”

ಅವನು ಬೈಯಲು ಬಾಯಿ ತೆರೆದ. ಆದರೆ ಏನೆಂದು ಬೈಯುವುದು? ಅವನು ಹೇಳಿದ್ದನ್ನೇ ಅವರು ಚಾಚೂ ತಪ್ಪದೆ ಮಾಡಿದ್ದರು. ಅಲ್ಲೇ ಮೆಟ್ಟಿಲ ಮೇಲೆ ಕೂತ. ತಾಳದ ವಿಷಯ ಕೇಳಿದ, ಅಮ್ಮ ಕಪ್ಪು ಫೋನಿನಿಂದ ಹಿಡಿದು ಎಲ್ಲ ಹೇಳಿದರು. ಮಗನಿಗೆ ಈ ಕಥೆ ಇಷ್ಟು ವರ್ಷ ಗೊತ್ತೇ ಇರಲಿಲ್ಲ!

“ಫೋನ್ ಕೊಡಮ್ಮ. ಲಾಕ್ ತೆಗೀತೀನಿ.”

ಶಿವಗಂಗಮ್ಮ ಕೊಡಲಿಲ್ಲ. ಅವನ ಕಣ್ಣೆದುರೇ ಬೆರಳಿಟ್ಟು ಒಂದೇ ಎಳೆತಕ್ಕೆ ಗೆರೆ ಎಳೆದರು. ಫೋನ್ ತೆರೆಯಿತು. ರಾಜೇಂದ್ರನ ಬಾಯಿಯೂ ತೆರೆಯಿತು.

“ತೆರೆಯೋದು ನಂಗೆ ಬರುತ್ತೆ ಮಗಾ,” ಎಂದು ಈಗ ಫೋನ್ ಕೊಟ್ಟರು. “ಬೀಗಾನೇ ಬೇಡ ಅನ್ನೋದು ಮಾತ್ರ ನೀನೇ ಮಾಡ್ಬೇಕು.”

ಅವನು ತಲೆ ತಗ್ಗಿಸಿ ಲಾಕನ್ನು ತೆಗೆದುಹಾಕಿದ. ಶಿವಗಂಗಮ್ಮನ ಕಣ್ಣು ಒದ್ದೆಯಾಗಿದ್ದನ್ನು ನಾನು ನೋಡಿದೆ, ಅವರೆಕಾಯಿಯ ಸೊನೆ ತಾಗಿದ್ದಲ್ಲ.

ಅಷ್ಟರಲ್ಲಿ ಹನ್ನೊಂದಾಯಿತು. “ಇವತ್ತು ಪಾಪಮ್ಮತ್ತೆಗೆ ನಾನು ಮಾಡ್ತೀನಿ, ತಾಳ ಹೇಳ್ಕೊಡು,” ಎಂದ ಮಗ. ಅಮ್ಮ ಮೊರದ ಅಂಚಿಗೆ ಕುಟ್ಟಿ ತೋರಿಸಿದರು. ಅವನು ಕೆಂಗೇರಿಗೆ ಫೋನ್ ಹಚ್ಚಿ, ನಾಲಿಗೆ ಕಚ್ಚಿಕೊಂಡು, ಉಗುರಿನಿಂದ ಕುಟ್ಟಿದ.

“ಯಾವನೋ ಅವನು, ತಾಳ ಗೊತ್ತಿಲ್ದೋನು? ಇಡೋ ಫೋನು!” ಎಂದು ಪಾಪಮ್ಮ ಕಟ್ ಮಾಡಿದರು.